‘ನನಗನ್ನಿಸುತ್ತದೆ’ ಎಂದ ಹ್ಯಾಮ್ಲೆಟ್

ಪ್ರಶ್ನೆ: ನಾನು ಬಿ.ಎ. ಎರಡನೆಯ ವರ್ಷದಲ್ಲಿ ಐಚ್ಛಿಕ ಇಂಗ್ಲಿಷ್ ಓದುತ್ತಿದ್ದೇನೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ‘ಮಿಥಿಂಕ್ಸ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ‘ಐ ಥಿಂಕ್’ ಎಂದು ಅರ್ಥ ಬರೆದುಕೊಳ್ಳಿ ಎಂದು ತರಗತಿಯಲ್ಲಿ ಹೇಳಿದರು. ಹಾಗಾದರೆ ‘ಐ’ ಇರಬೇಕಾದ ಕಡೆ ‘ಮಿ’ ಏಕೆ? ಬಾಲದಲ್ಲಿ ‘ಎಸ್’ ಏಕೆ? ಕೆಲವು ಕಡೆ ‘ಮಿಥಾಟ್’ ಎಂದೂ ಇದೆ. ನಾವು ಹೀಗೆ ಬರೆದರೆ ಕೆಂಪು ಗೆರೆ ಬೀಳುತ್ತದೆ. ಷೇಕ್ಸ್‌ಪಿಯರನಿಗೆ ಮಾತ್ರ ರಿಯಾಯಿತಿಯೇ?

ಉತ್ತರ: ರಿಯಾಯಿತಿ ಏನೂ ಇಲ್ಲ. ವ್ಯಾಕರಣದ ಪ್ರಕಾರ ‘ಮಿಥಿಂಕ್ಸ್’ ಅಪ್ಪಟ ಶುದ್ಧ ಪದ. ನಿಮ್ಮ ತರಗತಿಯಲ್ಲಿ ಹೇಳಿದ ಅರ್ಥ ಪರೀಕ್ಷೆಯ ಮಟ್ಟಿಗೆ ಸಾಕು. ಆದರೆ ಅದರಿಂದಲೇ ನಿಮ್ಮ ತೊಡಕು ಹುಟ್ಟಿದೆ. ‘ಐ ಥಿಂಕ್’ ಎಂದು ಬರೆದುಕೊಂಡ ಮೇಲೆ ‘ಐ’ ಎಲ್ಲಿ ಹೋಯಿತು ಎಂದು ಹುಡುಕಲೇಬೇಕಾಗುತ್ತದೆ. ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡಿದ್ದರೆ ಹುಡುಕುವ ಪ್ರಸಂಗವೇ ಬರುತ್ತಿರಲಿಲ್ಲ: ‘ನನಗನ್ನಿಸುತ್ತದೆ’.

ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ‘ಮಿ’ ಎಂದರೆ ‘ನನಗೆ’. ‘ಥಿಂಕ್’ ಎಂದರೆ ಇಲ್ಲಿ ‘ಅನ್ನಿಸು’. ಬಾಲದ ‘ಎಸ್’ ನಮ್ಮ ‘-ತ್ತದೆ’. ‘ನನಗನ್ನಿಸುತ್ತದೆ’ ಎನ್ನುವಾಗ ಕ್ರಿಯಾಪದ ‘ಅನ್ನಿಸುತ್ತೇನೆ’ ಎಂದಾಗುವುದಿಲ್ಲ, ಗಮನಿಸಿದ್ದೀರಾ? ಅನ್ನಿಸಿದ್ದು ನನಗೇ ಆದರೂ ಕ್ರಿಯಾಪದಕ್ಕೂ ನನಗೂ ಸಂಬಂಧವಿಲ್ಲ. ಅದು ಪ್ರಥಮ ಪುರುಷ, ನಪುಂಸಕ ಲಿಂಗ, ಏಕವಚನ: ‘ಮಳೆ ಬರುತ್ತದೆ’, ‘ಗಂಟೆ ಹೊಡೆಯುತ್ತದೆ’ ಎಂಬಲ್ಲಿರುವ ಅದೇ ‘-ತ್ತದೆ’. ನಮ್ಮ ಪ್ರಥಮ ಪುರುಷವೇ ಇಂಗ್ಲಿಷಿನವರ ಥರ್ಡ್ ಪರ್ಸನ್. ಅದರ ಏಕವಚನದ ಗುರುತು ‘ಎಸ್’. ‘ಇಟ್ ರೇನ್ಸ್’ ಎಂಬಲ್ಲಿ ಇರುವ ‘ಎಸ್’ ಇದೇ. ಹಾಗಾಗಿ ‘ಮಿಥಿಂಕ್ಸ್’ನಲ್ಲಿ ‘ಎಸ್’ ಇರದಿದ್ದರೆ ತಪ್ಪಾಗುತ್ತಿತ್ತು. ಭೂತಕಾಲದ ‘ಮಿಥಾಟ್’ ಸಹಜವಾಗಿ ‘ನನಗನ್ನಿಸಿತು’.

ಇಷ್ಟಕ್ಕೇ ನಿಲ್ಲಿಸಬಹುದು. ಆದರೆ ‘ಯೋಚಿಸು’ ಎಂಬ ಅರ್ಥದ ಪದಕ್ಕೆ ‘ಅನ್ನಿಸು’ ಎಂಬ ಅರ್ಥ ಹೇಗೆ ಬಂತು ಎಂದು ನೀವು ಮರುಪತ್ರ ಬರೆಯುತ್ತೀರಿ. ಅದರ ಉತ್ತರವೇ ಹೆಚ್ಚು ಸ್ವಾರಸ್ಯ. ಅರ್ಥ ಎಲ್ಲಿಂದಲೂ ಬರಲಿಲ್ಲ. ‘ಮಿಥಿಂಕ್ಸ್’ನಲ್ಲಿರುವ ‘ಥಿಂಕ್’ ಬೇರೆಯೇ ಒಂದು ಕ್ರಿಯಾಪದ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ, ಅಂದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮೊದಲಿನ ಭಾಷೆಯಲ್ಲಿ, ಎರಡು ಕ್ರಿಯಾಪದಗಳಿದ್ದವು. ಒಂದು ‘ಥೆಂಚನ್’: ಯೋಚಿಸು, ನೆನೆ. ಇನ್ನೊಂದು ‘ಥ್ಯುಂಚನ್’: ತೋರು, ಅನ್ನಿಸು. ಎರಡನೆಯದರ ‘ಯು’ ಕನ್ನಡದ ಬಾಯಿಗೆ ಹೊಸದು. ‘ಉ’ ಹೇಳಲು ತುಟಿ ದುಂಡಗೆ ಮಾಡಿ, ನಾಲಗೆಯನ್ನು ‘ಇ’ಗೆ ಇಟ್ಟರೆ ಹೊರಡುವ ಸ್ವರ. ಜರ್ಮನ್ ಕಲಿತವರಿಗೆ ಪರಿಚಯವಿರುತ್ತದೆ. ‘ಥ’ವನ್ನು ನಾನು ಅನಿವಾರ್ಯವಾಗಿ ಬಳಸುತ್ತಿದ್ದೇನೆ, ಹಲ್ಲಿನ ನಡುವೆ ನಾಲಗೆಯಿಟ್ಟು ಊದುವ ಇಂಗ್ಲಿಷಿನ ಧ್ವನಿ ಎಂದೇ ಓದಿಕೊಳ್ಳಿ.

‘ಚ’ಕಾರ ಎಲ್ಲಿಂದ ಬಂತು, ಈಗ ‘ಕ’ ಇದೆಯಲ್ಲ ಎಂದು ಕೇಳಬಹುದು. ‘ಇ’, ‘ಎ’ಗಳಂಥ ತಾಲವ್ಯ ಸ್ವರದ ನೆರೆಯಲ್ಲಿ ‘ಕ’ ಮೆತ್ತಗಾಗಿ ‘ಚ’ ಆಗುವುದು ನಮಗೆ ಹೊಸದಲ್ಲ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’. ಇಂಗ್ಲೆಂಡಿನಲ್ಲಿ ದಕ್ಷಿಣದವರು ‘ಚರ್ಚ್’ ಎಂದರೆ ಉತ್ತರದವರೂ ಸ್ಕಾಟರೂ ‘ಕರ್ಕ್’ ಎಂದರು. ‘ಥಿಂಕ್’ ವಿಷಯದಲ್ಲಿ ‘ಕ’ ಗೆದ್ದಿತು. ಉತ್ತರದವರ ಉಚ್ಚಾರವೂ ಅದಕ್ಕೆ ಒತ್ತಾಸೆ, ಈ ಕ್ರಿಯಾಪದಗಳ ಕೆಲವು ರೂಪಗಳಲ್ಲಿ ‘ಕ’ ಮೊದಲಿಂದಲೂ ಉಳಿದುಕೊಂಡಿದ್ದೂ ಒತ್ತಾಸೆ. ‘ನನಗನ್ನಿಸುತ್ತದೆ’ ಎಂಬುದಕ್ಕೆ ಆಗಿನ ರೂಪ ‘ಮೇ ಥ್ಯುಂಕ್ಥ್’. ಅದರಲ್ಲಿ ‘ಕ’ ಸ್ಪಷ್ಟವಾಗಿ ಇದೆ.

ಈ ಎರಡೂ ಕ್ರಿಯಾಪದಗಳು ಒಂದೇ ಬೇರಿನವು. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲನ್ನು ಗಾಥಿಕ್ ಭಾಷೆಗೆ ಅನುವಾದಿಸಿದ. ಗಾಥಿಕ್ ಎಂದರೆ ಇಂಗ್ಲಿಷಿನ ದೊಡ್ಡಮ್ಮನ ಮನೆಯ ಭಾಷೆ. ಅಲ್ಲಿ ಇವು ‘ಥಂಕ್ಯನ್’, ‘ಥುಂಕ್ಯನ್’ ಎಂದು ಅಕ್ಕತಂಗಿಯರ ಹಾಗೆ ನಿಂತಿವೆ. ನಡುವಿನ ಒಂದು ಸ್ವರವಷ್ಟೇ ವ್ಯತ್ಯಾಸ. ಇಂದಿನ ಜರ್ಮನಿನಲ್ಲಿ ‘ಡೆಂಕೆನ್’ ಎಂದರೆ ಯೋಚಿಸು, ‘ಡ್ಯುಂಕೆನ್’ ಎಂದರೆ ತೋರು. ಎರಡನೆಯದು ಈಗ ಹಳಬರ ಪುಸ್ತಕದ ಮಾತು. ಡಚ್ಚರು ಮಾತ್ರ ‘ಮೆ ಡುಂಕ್ಟ್’ ಎಂದು ಇಂದಿಗೂ ಹೇಳುತ್ತಾರೆ, ಅದು ಅಕ್ಷರಶಃ ನಿಮ್ಮ ‘ಮಿಥಿಂಕ್ಸ್’.

ಇದೇ ಬೇರಿನ ಇನ್ನೊಂದು ಕುಡಿಯನ್ನು ನಾವು ದಿನವೂ ಬಳಸುತ್ತೇವೆ: ‘ಥ್ಯಾಂಕ್ಸ್’. ಹಳೆಯ ಇಂಗ್ಲಿಷಿನಲ್ಲಿ ‘ಥಂಕ್’ ಎಂದರೆ ಮೊದಲು ‘ನೆನಪು, ಯೋಚನೆ’, ಆಮೇಲೆ ‘ಒಳ್ಳೆಯ ಯೋಚನೆ’, ಕೊನೆಗೆ ‘ಕೃತಜ್ಞತೆ’. ಅನ್ನ ಹಾಕಿದವರನ್ನು ನೆನೆಯಬೇಕು ಎಂದು ನಮ್ಮ ಮನೆಗಳಲ್ಲಿ ಹೇಳುವಾಗ ‘ನೆನೆ’ ಎಂಬ ಮಾತು ನಡೆದ ದಾರಿಯೂ ಅದೇ.

ಈಗ ಅರ್ಥಕ್ಕೆ ಬರೋಣ. ಎರಡು ಕ್ರಿಯಾಪದ ಏಕೆ ಬೇಕಿತ್ತು? ಯೋಚಿಸುವುದು ನಾವು ಮಾಡುವ ಕೆಲಸ. ಅನ್ನಿಸುವುದು ನಮಗೆ ಆಗುವಂಥದ್ದು. ಗಣಿತದ ಮೇಷ್ಟ್ರು ‘ಸರಿಯಾಗಿ ಯೋಚಿಸು’ ಎಂದು ಗದರಬಹುದು. ‘ನಿನಗೆ ಹಾಗೆ ಅನ್ನಿಸಲಿ’ ಎಂದು ಯಾರೂ ಅಪ್ಪಣೆ ಕೊಡಲಾಗದು. ಹಳೆಯ ಇಂಗ್ಲಿಷ್ ಈ ಅಂತರವನ್ನು ಕಟ್ಟುನಿಟ್ಟಾಗಿ ಕಾಯ್ದುಕೊಂಡಿತ್ತು. ಥೆಂಚನ್‌ಗೆ ಕರ್ತೃ ‘ನಾನು’, ಥ್ಯುಂಚನ್‌ಗೆ ‘ನನಗೆ’.

ಒಂದು ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಾಗದು. ಬೇಯೊವುಲ್ಫ್ ಎಂಬ ಹಳೆಯ ಇಂಗ್ಲಿಷ್ ಮಹಾಕಾವ್ಯ ನಿಮ್ಮ ಪಠ್ಯದ ಇತಿಹಾಸ ಭಾಗದಲ್ಲಿ ಹೆಸರಾಗಿ ಬಂದಿರುತ್ತದೆ. ಅದರ ಹಸ್ತಪ್ರತಿ ಸುಮಾರು ಕ್ರಿ.ಶ. 1000ದ್ದು. ಕಾವ್ಯದ ಕೊನೆಯ ಭಾಗದಲ್ಲಿ, ಡ್ರ್ಯಾಗನ್ನಿನ ಜೊತೆ ಹೋರಾಡಲು ಹೊರಟ ಮುದಿ ನಾಯಕ ಒಂದು ಹೋಲಿಕೆ ಹೇಳುತ್ತಾನೆ. ಒಬ್ಬ ಮುದುಕ. ಅವನ ಎಳೆಯ ಮಗನನ್ನು ಗಲ್ಲಿಗೇರಿಸಿದ್ದಾರೆ. ಹೆಣ ತೂಗುತ್ತಿದೆ, ಕಾಗೆಗೆ ಹಬ್ಬ. ತಂದೆಗೆ ಏನೂ ಮಾಡಲು ಆಗುವುದಿಲ್ಲ. ಬೆಳಗಾದರೆ ಮಗನ ನೆನಪು. ಮಗನಿದ್ದ ಕೋಣೆ ಗಾಳಿ ಓಡಾಡುವ ಪಾಳು ಜಾಗವಾಗಿದೆ, ವೀಣೆಯ ಸದ್ದಿಲ್ಲ, ಅಂಗಳದಲ್ಲಿ ನಗೆಯಿಲ್ಲ. ಅವನು ಹೋಗಿ ಹಾಸಿಗೆಯಲ್ಲಿ ಮಲಗಿ, ಹೋದ ಒಬ್ಬನಿಗಾಗಿ ಉಳಿದ ಒಬ್ಬನಾಗಿ, ಶೋಕಗೀತೆ ಹಾಡಿಕೊಳ್ಳುತ್ತಾನೆ. ಆಗ ಬರುವ ಮಾತು: ‘ಥೂಹ್ತೆ ಹಿಮ್ ಎಆಲ್ ತೊ ರೂಮ್’. ಅವನಿಗೆ ಎಲ್ಲವೂ ತೀರಾ ಅಗಲ ಅನ್ನಿಸಿತು, ಹೊಲವೂ ಮನೆಯೂ.

‘ಥೂಹ್ತೆ ಹಿಮ್’, ಅವನಿಗೆ ಅನ್ನಿಸಿತು. ಇಲ್ಲಿ ‘ಅವನು ಯೋಚಿಸಿದನು’ ಎಂದು ಹಾಕಿ ನೋಡಿ, ವಾಕ್ಯ ಸತ್ತುಹೋಗುತ್ತದೆ. ಆ ಮುದುಕ ಹೊಲದ ಅಗಲ ಉದ್ದ ಲೆಕ್ಕ ಹಾಕುತ್ತಿಲ್ಲ. ನಿನ್ನೆಯವರೆಗೆ ಅಳತೆಗೆ ಸರಿಯಿದ್ದ ಮನೆ ಇಂದು ದೊಡ್ಡದಾಗಿಬಿಟ್ಟಿದೆ. ‘ಮನೆ ಬಿಕೋ ಅನ್ನುತ್ತಿದೆ’ ಎಂದು ನಾವು ಹೇಳುತ್ತೇವಲ್ಲ, ಹಾಗೆ. ಅಂದ ಹಾಗೆ, ಆ ಸಾಲಿನ ಕೊನೆಯ ‘ರೂಮ್’ ಇಂದು ನಾವು ಬಾಡಿಗೆಗೆ ಹಿಡಿಯುವ ರೂಮಿನ ಪೂರ್ವಜ. ಇಲ್ಲಿ ಅದು ‘ವಿಶಾಲ’ ಎಂಬ ವಿಶೇಷಣ.

ಹೀಗೆ ‘ನನಗೆ’ ಎಂದು ಶುರುವಾಗುವ ವಾಕ್ಯಗಳು ಆ ಭಾಷೆಯಲ್ಲಿ ಬೇಕಾದಷ್ಟು. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಒಬ್ಬ ಹುಡುಗ ‘ನನಗೆ ಹಸಿವಾಗಿದೆ’ ಎಂಬುದನ್ನು ‘ಟು ಮಿ ಹಂಗರ್ ಈಸ್’ ಎಂದು ಇಂಗ್ಲಿಷಿಗೆ ತಿರುಗಿಸಿ ಬೆತ್ತದ ರುಚಿ ನೋಡಿದ. ಪಾಪ, ಅವನು ಸಾವಿರ ವರ್ಷ ತಡವಾಗಿ ಹುಟ್ಟಿದ್ದ. ‘ನಾನು ಹಸಿದಿದ್ದೆನು, ನೀವು ನನಗೆ ಊಟಕ್ಕೆ ಕೊಟ್ಟಿರಿ’ ಎಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ಮಾತಿದೆ. ಹಳೆಯ ಇಂಗ್ಲಿಷಿನ ಅನುವಾದದಲ್ಲಿ ಅದು ‘ಮೇ ಹಿಂಗ್ರೊದೆ’ ಎಂದು ತೊಡಗುತ್ತದೆ: ನನಗೆ ಹಸಿವಾಗಿತ್ತು. ಮುಂದೆ ‘ಮೇ ಥ್ಯುರ್ಸ್ತೆ’, ನನಗೆ ಬಾಯಾರಿತ್ತು. ಆ ಹುಡುಗನ ವಾಕ್ಯದಲ್ಲಿ ‘ಟು’ ಒಂದು ಹೆಚ್ಚಾಗಿತ್ತು, ಅಷ್ಟೇ. ಹಳೆಯ ಇಂಗ್ಲಿಷಿನಲ್ಲಿ ‘ಮೇ’ ಎಂಬ ರೂಪವೇ ಚತುರ್ಥಿ ವಿಭಕ್ತಿ. ನಮ್ಮ ‘-ಗೆ’ ಅದರ ಹೊಟ್ಟೆಯಲ್ಲೇ ಇತ್ತು. ದ್ವಿತೀಯಾ ವಿಭಕ್ತಿಯ ‘ನನ್ನನ್ನು’ ಎಂಬುದಕ್ಕೆ ಹಿಂದೆ ‘ಮೆಕ್’ ಎಂಬ ಪ್ರತ್ಯೇಕ ರೂಪವಿತ್ತು. ಅದು ಬೇಗ ಸವೆದುಹೋಗಿ, ಎರಡೂ ಕೆಲಸ ‘ಮಿ’ಯ ತಲೆಗೆ ಬಂತು. ಈಗ ‘ಮಿ’ ಎಂದರೆ ‘ನನ್ನನ್ನು’ ಎಂದಷ್ಟೇ ಕಲಿಸುತ್ತಾರಾದ್ದರಿಂದ ‘ಮಿಥಿಂಕ್ಸ್’ ಕಂಡಾಗ ಎಲ್ಲರೂ ತಬ್ಬಿಬ್ಬಾಗುತ್ತಾರೆ.

ಎರಡು ಕ್ರಿಯಾಪದ ಒಂದಾದದ್ದು ಹೇಗೆ? ಇದರಲ್ಲಿ ಯಾರ ಸಂಚೂ ಇಲ್ಲ, ಉಚ್ಚಾರದ ಆಕಸ್ಮಿಕ. ಥ್ಯುಂಚನ್‌ನ ದುಂಡು ಸ್ವರ ಹೆಚ್ಚಿನ ಪ್ರದೇಶಗಳಲ್ಲಿ ತುಟಿ ಸಡಿಲಿಸಿ ‘ಇ’ ಆಯಿತು. ಅತ್ತ ಥೆಂಚನ್‌ನ ‘ಎ’ ಸ್ವರ ‘ಂಕ’ದ ಮುಂದೆ ಮೇಲೇರಿ ಅದೂ ‘ಇ’ ಆಯಿತು. ಇದಕ್ಕೆ ಸಾಕ್ಷಿ ಬೇಕಿದ್ದರೆ ‘ಇಂಗ್ಲೆಂಡ್’ ಎಂಬ ಪದವೇ ಇದೆ: ಬರೆಯುವುದು ‘ಇ’ ಅಕ್ಷರದಿಂದ, ಅಂದರೆ ಅವರ ಐದನೆಯ ಅಕ್ಷರದಿಂದ, ‘ಎಂಗ್ಲೆಂಡ್’ ಎಂಬಂತೆ, ಓದುವುದು ‘ಇಂಗ್ಲೆಂಡ್’. ಭೂತಕಾಲದಲ್ಲಿ ಒಂದು ‘ಥೋಹ್ತೆ’, ಇನ್ನೊಂದು ‘ಥೂಹ್ತೆ’ ಇದ್ದವು. ಅವೂ ಸೇರಿಕೊಂಡು ‘ಥಾಟ್’ ಆದವು. ‘ಥಿಂಕ್’ ಇರುವಾಗ ‘ನ’ಕಾರ, ‘ಥಾಟ್’ ಆದಾಗ ಅದು ಮಾಯ, ಏಕೆ ಎಂದು ಎಂದಾದರೂ ಯೋಚಿಸಿದ್ದೀರಾ? ‘ಬ್ರಿಂಗ್–ಬ್ರಾಟ್’ನಲ್ಲೂ ಹಾಗೆಯೇ. ಬಹಳ ಹಿಂದೆ, ಇಂಗ್ಲಿಷ್ ಇನ್ನೂ ಇಂಗ್ಲಿಷ್ ಆಗುವ ಮೊದಲೇ, ‘ಹ’ಕಾರಕ್ಕೆ ಮೊದಲು ಬರುತ್ತಿದ್ದ ‘ನ’ ಬಿದ್ದುಹೋಗಿ ಅದರ ಹಿಂದಿನ ಸ್ವರ ದೀರ್ಘವಾಯಿತು. ಜರ್ಮನಿನ ‘ಡೆಂಕೆನ್–ಡಾಖ್ಟೆ’, ‘ಬ್ರಿಂಗೆನ್–ಬ್ರಾಖ್ಟೆ’ಗಳಲ್ಲೂ ಅದೇ ಗಾಯದ ಗುರುತು.

ಇಂಗ್ಲಿಷ್ ಕವಿ ಚಾಸರ್ ಬರೆಯುವ ಹೊತ್ತಿಗೆ, ಅಂದರೆ ಹದಿನಾಲ್ಕನೆಯ ಶತಮಾನದ ಕೊನೆಗೆ, ರೂಪಗಳು ಬೆರೆತಿದ್ದರೂ ಬಳಕೆ ಜೀವಂತವಾಗಿತ್ತು. ಕ್ಯಾಂಟರ್ಬರಿ ಟೇಲ್ಸ್ ಕಾವ್ಯದಲ್ಲಿ ಯಾತ್ರಿಕರನ್ನು ಪರಿಚಯಿಸುವ ಮುನ್ನ ಆತ ‘ಮಿ ಥಿಂಕೆತ್ ಇಟ್ ಅಕಾರ್ಡಾಂಟ್ ಟು ರೆಸೂನ್’ ಎನ್ನುತ್ತಾನೆ. ಒಬ್ಬೊಬ್ಬರೂ ಎಂಥವರೆಂದು ಹೇಳುವುದು ಯುಕ್ತವೆಂದು ನನಗೆ ತೋರುತ್ತದೆ, ಎಂದು. ಇನ್ನೊಂದು ಕಡೆ, ಛತ್ರದ ಯಜಮಾನ ತನ್ನ ಮಾತು ಕೇಳುತ್ತೀರಾ ಎಂದಾಗ, ‘ಅಸ್ ಥಾಟೆ’ ಎಂದು ಬರುತ್ತದೆ: ಅದನ್ನು ದೊಡ್ಡದು ಮಾಡಿ ಚರ್ಚಿಸುವಂಥದ್ದೇನೂ ಇಲ್ಲ ಎಂದು ನಮಗೆ ಅನ್ನಿಸಿತು, ಒಪ್ಪಿಕೊಂಡೆವು. ‘ನಮಗೆ’ ಆಯಿತು, ‘ಅವನಿಗೆ’ ಆಯಿತು, ‘ಅವರಿಗೆ’ ಆಯಿತು, ಚಾಸರನಲ್ಲಿ ಎಲ್ಲವೂ ಸಿಗುತ್ತವೆ.

ಇನ್ನೂರು ವರ್ಷದ ಮೇಲೆ ಷೇಕ್ಸ್‌ಪಿಯರನಲ್ಲಿ ‘ಮಿ’ಯೊಂದೇ ಗಟ್ಟಿಯಾಗಿ ಉಳಿದದ್ದು. ಹ್ಯಾಮ್ಲೆಟ್ ಕೊನೆಯ ಅಂಕದಲ್ಲಿ ಗೆಳೆಯ ಹೊರೇಷಿಯೋನನ್ನು ‘ನಿನಗನ್ನಿಸುವುದಿಲ್ಲವೇ’ ಎಂದು ಕೇಳುವ ಒಂದು ಸಾಲಿದೆ. ಮೊದಲ ಮುದ್ರಣಗಳಲ್ಲಿ ಅದನ್ನು ಅಚ್ಚುಮಾಡಿದ ರೀತಿ ಗೊಂದಲದ್ದು, ಸಂಪಾದಕರು ಇಂದಿಗೂ ಅದನ್ನು ಬಿಡಿಸಿ ಬರೆಯುತ್ತಾರೆ. ಅಚ್ಚುಮೊಳೆ ಜೋಡಿಸುವವನ ಕೈ ಅಲ್ಲಿ ತಡವರಿಸಿದೆ ಎಂದರೆ ಆ ಪ್ರಯೋಗ ಅವನ ಕಿವಿಗೆ ಆಗಲೇ ಅಪರಿಚಿತವಾಗಿತ್ತು ಎಂದು ನನ್ನ ಊಹೆ. ‘ಮಿ’ ಮಾತ್ರ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಯಾರಿಗಾದರೂ ತನ್ನ ಅಭಿಪ್ರಾಯದ ಮೇಲೇ ಹೆಚ್ಚು ಮೋಹ.

ನೀವು ಕೇಳಿದ ‘ಎಸ್’ಗೂ ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಚಾಸರನ ‘ಥಿಂಕೆತ್’ನಲ್ಲಿ ಇರುವ ‘-ಎತ್’ ದಕ್ಷಿಣ ಇಂಗ್ಲೆಂಡಿನ ಪ್ರತ್ಯಯ, ‘-ಎಸ್’ ಉತ್ತರದ್ದು. ಚಾಸರ್ ಒಂದು ಕಥೆಯಲ್ಲಿ ಉತ್ತರದ ವಿದ್ಯಾರ್ಥಿಗಳ ಬಾಯಲ್ಲಿ ಈ ‘ಎಸ್’ ಹಾಕಿ ಗೇಲಿ ಮಾಡುತ್ತಾನೆ. ಷೇಕ್ಸ್‌ಪಿಯರನ ಕಾಲಕ್ಕೆ ಲಂಡನ್ನಿನ ಮಾತಿನಲ್ಲಿ ಅದೇ ‘ಎಸ್’ ಗದ್ದುಗೆ ಏರಿತ್ತು. ಧರ್ಮಗ್ರಂಥ ಮಾತ್ರ ಹಳೆಯ ಪಂಚೆ ಬಿಡಲಿಲ್ಲ: 1611ರ ಅಧಿಕೃತ ಬೈಬಲಿನಲ್ಲಿ, ಸಮುವೇಲನ ಎರಡನೆಯ ಪುಸ್ತಕದಲ್ಲಿ, ಕಾವಲುಗಾರ ದೂರದಲ್ಲಿ ಓಡಿಬರುತ್ತಿರುವವನನ್ನು ಕಂಡು ‘ಮಿ ಥಿಂಕೆತ್’ ಎನ್ನುತ್ತಾನೆ, ಮುಂದಿರುವವನ ಓಟ ಚಾದೋಕನ ಮಗ ಅಹೀಮಾಚನ ಓಟದಂತೆ ನನಗೆ ತೋರುತ್ತದೆ, ಎಂದು. ಅಲ್ಲಿ ‘ಮಿ’ ಮತ್ತು ‘ಥಿಂಕೆತ್’ ಬಿಡಿಬಿಡಿಯಾಗಿ ಎರಡು ಪದ.

ಎರಡು ಪದ ಅಂಟಿಕೊಂಡು ಒಂದಾದದ್ದರಲ್ಲೇ ಅದರ ಮುದಿತನ ಇದೆ. ಜೀವಂತ ವ್ಯಾಕರಣವನ್ನು ಜನ ಬಿಡಿಸಿ ಬರೆಯುತ್ತಾರೆ. ಒಳಗಿನ ಕಟ್ಟು ತಿಳಿಯದಾದಾಗ ಇಡಿಯಾಗಿ ನುಂಗುತ್ತಾರೆ. ಇದಕ್ಕೆ ಒಳ್ಳೆಯ ಪುರಾವೆ ಷೇಕ್ಸ್‌ಪಿಯರನ ನಾಟಕಗಳಲ್ಲೇ ಸಿಗುತ್ತದೆ. ಮೂರನೆಯ ರಿಚರ್ಡ್ ನಾಟಕದಲ್ಲಿ ಸೆರೆಯಲ್ಲಿರುವ ಕ್ಲಾರೆನ್ಸ್ ತನ್ನ ಕನಸು ಹೇಳುವಾಗಲೂ, ವಿಂಟರ್ಸ್ ಟೇಲ್‌ನಲ್ಲಿ ಲಿಯಾಂಟಿಸ್ ಮಗನ ಮುಖ ನೋಡಿ ತನ್ನ ಬಾಲ್ಯಕ್ಕೆ ಇಪ್ಪತ್ತಮೂರು ವರ್ಷ ಹಿಂದೆ ಸರಿದಂತಾಯಿತು ಎನ್ನುವಾಗಲೂ ‘ಮಿಥಾಟ್ಸ್’ ಎಂಬ ರೂಪ ಬಂದಿದೆ. ಭೂತಕಾಲಕ್ಕೆ ‘ಎಸ್’! ‘ನನಗನ್ನಿಸಿತುತ್ತದೆ’ ಎಂದ ಹಾಗೆ. ‘ಮಿಥಿಂಕ್ಸ್’ಗೆ ‘ಎಸ್’ ಇದೆಯಲ್ಲ, ಇದಕ್ಕೂ ಇರಲಿ ಎಂಬ ಅಂದಾಜು. ನಿಮ್ಮ ಪತ್ರದಲ್ಲಿರುವ ರಿಯಾಯಿತಿಯ ಮಾತು ನಿಜವಾಗಿ ಇಲ್ಲಿಗೆ ಹೊಂದುತ್ತದೆ; ಕೆಂಪು ಗೆರೆ ಎಳೆಯಬೇಕಿದ್ದರೆ ಇಲ್ಲಿ ಎಳೆಯಿರಿ.

ಇಂಗ್ಲಿಷ್ ಈ ಸೊಗಸಾದ ಕಟ್ಟನ್ನು ಏಕೆ ಕಳೆದುಕೊಂಡಿತು? ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ (1860–1943) ಇದಕ್ಕೆ ಒಂದು ಪುಟ್ಟ ವಾಕ್ಯ ಕಟ್ಟಿ ತೋರಿಸಿದ, ಭಾಷೆಯ ಚರಿತ್ರೆ ಓದುವವರೆಲ್ಲರೂ ಒಮ್ಮೆಯಾದರೂ ಅದನ್ನು ದಾಟಿ ಬರುತ್ತಾರೆ. ‘ಥಾಮ್ ಕ್ಯುಂಗೆ ಲೀಕೊದೊನ್ ಪೆರನ್’. ಕನ್ನಡದಲ್ಲಿ ಪದಕ್ಕೆ ಪದ ಇಡಬಹುದು: ‘ರಾಜನಿಗೆ ಹಿಡಿಸಿದವು ಪೇರ್ ಹಣ್ಣುಗಳು’. ‘ಹಿಡಿಸಿದನು’ ಅಲ್ಲ, ‘ಹಿಡಿಸಿದವು’. ‘ಲೀಕೊದೊನ್’ ಕೂಡ ಬಹುವಚನ, ಹಣ್ಣುಗಳಿಗೆ ತಕ್ಕದ್ದು. ಮುಂದೆ ವಿಭಕ್ತಿ ಪ್ರತ್ಯಯಗಳು ಉದುರಿದವು, ವಾಕ್ಯ ‘ದ ಕಿಂಗ್ ಲೈಕ್ಡ್ ಪೇರ್ಸ್’ ಎಂದಾಯಿತು. ಈಗ ‘ದ ಕಿಂಗ್’ ಎಂದರೆ ‘ರಾಜನಿಗೆ’ಯೋ ‘ರಾಜನು’ವೋ? ಪದದ ಮೇಲೆ ಗುರುತಿಲ್ಲ. ಕ್ರಿಯಾಪದದ ಮೇಲೂ ಏಕವಚನ, ಬಹುವಚನದ ಗುರುತಿಲ್ಲ. ಕ್ರಿಯಾಪದಕ್ಕೆ ಮೊದಲು ನಿಂತವನೇ ಕರ್ತೃ ಎಂಬ ಕಟ್ಟಳೆ ಅಷ್ಟರಲ್ಲಿ ಬಲವಾಗಿತ್ತು. ಹಾಗಾಗಿ ಮಕ್ಕಳು ಕಲಿಯುವಾಗ ರಾಜನನ್ನೇ ಕರ್ತೃ ಎಂದು ತಿಳಿದರು. ‘ಹಿಡಿಸು’ ಎಂಬ ಅರ್ಥದ ‘ಲೈಕ್’ ಯಾರಿಗೂ ಗೊತ್ತಾಗದಂತೆ ಮಗುಚಿಕೊಂಡು ‘ಮೆಚ್ಚು’ ಎಂಬ ಅರ್ಥಕ್ಕೆ ಬಂತು. ಒಂದೇ ಒಂದು ಪದವೂ ಕದಲದೆ ವಾಕ್ಯದ ಅಂಗಿ ಒಳಹೊರಗಾಯಿತು.

‘ಥಿಂಕ್’ಗೂ ಅದೇ ಗತಿ. ಪಕ್ಕದಲ್ಲಿ ‘ಐ ಥಿಂಕ್’ ಎಂಬ ಬಲವಾದ ಸೋದರ ಕಾದು ನಿಂತಿದ್ದರಿಂದ ಇನ್ನೂ ಸುಲಭವಾಯಿತು. ಇವತ್ತು ಇಂಗ್ಲಿಷಿನವನು ‘ಮಳೆ ಬರಬಹುದು ಅನ್ನಿಸುತ್ತದೆ’ ಎನ್ನಲೂ ‘ಐ ಥಿಂಕ್’ ಎನ್ನುತ್ತಾನೆ, ‘ಬದುಕಿನ ಅರ್ಥವನ್ನು ಕುರಿತು ಚಿಂತಿಸುತ್ತೇನೆ’ ಎನ್ನಲೂ ‘ಐ ಥಿಂಕ್’ ಎನ್ನುತ್ತಾನೆ. ಸ್ವೀಡನ್ನಿನಲ್ಲೂ ಹೀಗೇ ಆಯಿತು. ಥ್ಯುಂಚನ್‌ನ ಬಳಗದ ಕ್ರಿಯಾಪದವನ್ನೇ ಅವರು ಈಗ ‘ಯಾಗ್ ತ್ಯುಕೆರ್’ ಎಂದು ‘ನಾನು’ ಹಚ್ಚಿ ಹೇಳುತ್ತಾರೆ. ಐಸ್‌ಲ್ಯಾಂಡಿನವರು ಮಾತ್ರ ಹಟ ಬಿಟ್ಟಿಲ್ಲ. ವಿಭಕ್ತಿಗಳನ್ನು ಉಳಿಸಿಕೊಂಡ ಆ ಭಾಷೆಯಲ್ಲಿ ಅಭಿಪ್ರಾಯ ಹೇಳುವಾಗ ಇಂದಿಗೂ ‘ಮ್ಯೇರ್ ಫಿನ್ಸ್ಟ್’, ‘ನನಗನ್ನಿಸುತ್ತದೆ’. ತಮಿಳರ ‘ಎನಕ್ಕು ತೋನ್ಱುಗಿಱದು’, ಮಲಯಾಳಿಗಳ ‘ಎನಿಕ್ಕು ತೋನ್ನುನ್ನು’ ನಮ್ಮ ‘ನನಗೆ ತೋರುತ್ತದೆ’ಯ ಒಡಹುಟ್ಟಿದವು, ಬೆಂಗಳೂರಿನಿಂದ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ಗೆ ಹೋದವರಿಗೆ ಈ ಒಂದು ವಿಷಯದಲ್ಲಿ ಲಂಡನ್ನಿಗಿಂತ ಅಲ್ಲೇ ಹೆಚ್ಚು ಮನೆಯಂತಿರುತ್ತದೆ.

ಇಲ್ಲಿ ನನ್ನದೊಂದು ತಕರಾರು ಇದೆ, ಸಿಟ್ಟು ಎಂದೇ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಈ ಕಟ್ಟು ಪ್ರತ್ಯಯ ಸವೆದದ್ದರಿಂದ ಹೋಯಿತು. ನಮ್ಮಲ್ಲಿ ಪ್ರತ್ಯಯಗಳು ಕಲ್ಲಿನಂತೆ ಇವೆ. ಆದರೂ ಅನುವಾದದ ಜಾಹೀರಾತು, ಡಬ್ಬಿಂಗ್ ಆದ ಸಂಭಾಷಣೆಗಳಲ್ಲಿ ‘ನಾನು ಅವನು ಬರುತ್ತಾನೆಂದು ಯೋಚಿಸುತ್ತೇನೆ’, ‘ನಾನು ಈ ಬಣ್ಣವನ್ನು ಇಷ್ಟಪಡುತ್ತೇನೆ’ ಎಂಬ ವಾಕ್ಯಗಳು ಬರುತ್ತಿವೆ. ಅವನು ಬರುತ್ತಾನೆ ಅನ್ನಿಸುತ್ತದೆ. ಈ ಬಣ್ಣ ನನಗಿಷ್ಟ. ಇಷ್ಟು ಹೇಳಲು ‘ನಾನು’ ಎಂದು ಎದೆ ಮುಂದೆ ಮಾಡಬೇಕಾಗಿಲ್ಲ.

ಇನ್ನು ನಿಮ್ಮ ಪಠ್ಯಕ್ಕೆ ಬರುತ್ತೇನೆ. ‘ಮಿಥಿಂಕ್ಸ್’ ಬಂದ ಎರಡು ಮೂರು ಜಾಗಗಳನ್ನು ಈ ಕಣ್ಣಿನಿಂದ ನೋಡಿದರೆ ಲಾಭವಿದೆ.

ಎಲ್ಲರ ಬಾಯಲ್ಲೂ ಇರುವ ಸಾಲು ಹ್ಯಾಮ್ಲೆಟ್ಟನ ತಾಯಿ, ಗಂಡ ಸತ್ತ ಕೂಡಲೇ ಮರುಮದುವೆಯಾದ ರಾಣಿ ಗರ್ಟ್ರೂಡ್ ಹೇಳುವುದು. ನಾಟಕದೊಳಗಿನ ನಾಟಕದಲ್ಲಿ ರಾಣಿಯ ಪಾತ್ರಧಾರಿ, ಗಂಡ ಸತ್ತರೆ ಮರುಮದುವೆ ಆಗುವುದೇ ಇಲ್ಲ ಎಂದು ಆಣೆಯ ಮೇಲೆ ಆಣೆ ಇಡುತ್ತಾಳೆ. ನಾಟಕ ಹೇಗಿದೆ ಎಂದು ಮಗ ಕೇಳಿದಾಗ ಗರ್ಟ್ರೂಡ್ ಹೇಳುತ್ತಾಳೆ: ಆಕೆ ಅತಿಯಾಗಿ ಪ್ರಮಾಣ ಮಾಡುತ್ತಿದ್ದಾಳೆ, ಅನ್ನಿಸುತ್ತದೆ. ‘ಮಿಥಿಂಕ್ಸ್’ ವಾಕ್ಯದ ಕೊನೆಗೆ ಬರುತ್ತದೆ. ಉದ್ಧರಿಸುವವರು ಅದನ್ನು ಎತ್ತಿ ಮೊದಲಿಗೆ ಇಡುತ್ತಾರೆ, ಅದರಿಂದ ಮಾತಿನ ಧಾಟಿ ಕೆಡುತ್ತದೆ. ತಪ್ಪಿತಸ್ಥ ಮನಸ್ಸಿನ ಆ ಹೆಂಗಸು ಮಾತು ಆಡಿ ಮುಗಿಸಿ, ಕೊನೆಗೆ ಅದರ ಮೊನೆ ಮೊಂಡಾಗಿಸುತ್ತಿದ್ದಾಳೆ. ‘ಪ್ರೊಟೆಸ್ಟ್’ ಎಂದರೆ ಅಲ್ಲಿ ಪ್ರತಿಭಟನೆಯಲ್ಲ, ಗಟ್ಟಿಯಾಗಿ ಸಾರುವುದು.

ಅದೇ ದೃಶ್ಯದ ಕೊನೆಯಲ್ಲಿ ಹ್ಯಾಮ್ಲೆಟ್ ಮೋಡ ತೋರಿಸಿ ಆಸ್ಥಾನದ ಮುದಿ ಮಂತ್ರಿ ಪೊಲೋನಿಯಸ್ಸನನ್ನು ಆಡಿಸುತ್ತಾನೆ. ಒಂಟೆಯ ಹಾಗಿದೆ ಎಂದರೆ ಮುದುಕ ಹೌದೆನ್ನುತ್ತಾನೆ. ‘ಮಿಥಿಂಕ್ಸ್’, ಅದು ವೀಸೆಲ್ಲಿನ ಹಾಗಿದೆ (ವೀಸೆಲ್ ಮುಂಗುಸಿಯನ್ನು ನೆನಪಿಸುವ ಒಂದು ಸಣ್ಣ ಪ್ರಾಣಿ) ಎಂದರೆ, ಬೆನ್ನು ವೀಸೆಲ್ಲಿನದೇ ಎನ್ನುತ್ತಾನೆ. ತಿಮಿಂಗಿಲ ಎಂದರೆ ಅದಕ್ಕೂ ಹೌದು. ಅನ್ನಿಸುವುದು ಹ್ಯಾಮ್ಲೆಟ್ಟನಿಗೆ, ತಲೆಯಾಡಿಸುವುದು ಪೊಲೋನಿಯಸ್. ಈ ವೀಸೆಲ್ ಸಾಲಿಗೆ ವಿಜ್ಞಾನದಲ್ಲೂ ಒಂದು ಜಾಗ ಸಿಕ್ಕಿದೆ: 1986ರಲ್ಲಿ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, ಸಣ್ಣ ಸಣ್ಣ ಆಯ್ಕೆಗಳು ಒಟ್ಟುಗೂಡಿದರೆ ಎಷ್ಟು ಬೇಗ ಗುರಿ ಮುಟ್ಟಬಹುದೆಂದು ತೋರಿಸಲು ಕಂಪ್ಯೂಟರಿಗೆ ಕೊಟ್ಟ ಗುರಿ, ತೆರಪುಗಳೂ ಸೇರಿ 28 ಅಕ್ಷರಗಳ ಈ ಸಾಲೇ.

ನನಗೆ ಹೆಚ್ಚು ಇಷ್ಟವಾದದ್ದು ಮೊದಲನೆಯ ಅಂಕದ ಒಂದು ಕ್ಷಣ. ಹೊರೇಷಿಯೋ ಹಿಂದಿನ ರಾತ್ರಿ ಕೋಟೆಯ ಮೇಲೆ ಸತ್ತ ದೊರೆಯ, ಅಂದರೆ ಹ್ಯಾಮ್ಲೆಟ್ಟನ ತಂದೆಯ, ಪ್ರೇತವನ್ನು ಕಂಡಿದ್ದಾನೆ. ಅದನ್ನು ಗೆಳೆಯನಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದಾನೆ. ಇದಾವುದೂ ತಿಳಿಯದ ಹ್ಯಾಮ್ಲೆಟ್ ತಾಯಿಯ ಅವಸರದ ಮದುವೆಯ ಮಾತಾಡುತ್ತಾ ಥಟ್ಟನೆ ಹೇಳುತ್ತಾನೆ: ‘ನಮ್ಮ ತಂದೆ... ಮಿಥಿಂಕ್ಸ್, ತಂದೆಯನ್ನು ಕಾಣುತ್ತಿದ್ದೇನೆ.’ ಹೊರೇಷಿಯೋ ಬೆಚ್ಚಿಬಿದ್ದು, ‘ಎಲ್ಲಿ, ಪ್ರಭು?’ ಎನ್ನುತ್ತಾನೆ. ‘ನನ್ನ ಮನಸ್ಸಿನ ಕಣ್ಣಿನಲ್ಲಿ.’ ಇದನ್ನು ‘ನಾನು ತಂದೆಯನ್ನು ಕಾಣುತ್ತಿದ್ದೇನೆಂದು ಯೋಚಿಸುತ್ತೇನೆ’ ಎಂದು ಅನುವಾದಿಸಿದರೆ ದೃಶ್ಯವೇ ಕುಸಿಯುತ್ತದೆ. ‘ತಂದೆಯವರು ಕಂಡಂತಾಗುತ್ತಿದೆ’ ಎಂದರೆ ಹೊರೇಷಿಯೋ ಸುತ್ತ ನೋಡುವುದಕ್ಕೆ ಕಾರಣ ಸಿಗುತ್ತದೆ. ನೀವು ಟಿಪ್ಪಣಿ ಬರೆದುಕೊಳ್ಳುವಾಗ ‘ಅನ್ನಿಸುತ್ತದೆ’, ‘ತೋರುತ್ತದೆ’, ‘-ಅಂತಾಗುತ್ತದೆ’ ಈ ಮೂರನ್ನೂ ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಸಂದರ್ಭವೇ ಒಂದನ್ನು ಆರಿಸುತ್ತದೆ.

ಇಂದಿನ ಬರಹದಲ್ಲಿ ಈ ಪದ ಬಳಸಬಹುದೇ? ಇಂಗ್ಲಿಷ್ ಅಂಕಣಕಾರರು ತಮಾಷೆಗೆ, ಸ್ವಲ್ಪ ವ್ಯಂಗ್ಯಕ್ಕೆ ಬಳಸುತ್ತಾರೆ. ಉದ್ಯೋಗದ ಅರ್ಜಿಯಲ್ಲಿ ಬೇಡ.

‘ಮಿಥಾಟ್’ ಬಗ್ಗೆ ಕೇಳಿದ್ದಿರಿ. ಅದಕ್ಕೆ ಕನಸಿನ ಜೊತೆ ಹಳೆಯ ನಂಟು. ನಮಗೆ ಕನಸು ‘ಬೀಳುತ್ತದೆ’. ನಾವು ಕನಸನ್ನು ಮಾಡುವುದಿಲ್ಲ. ಹಳೆಯ ಇಂಗ್ಲಿಷಿನಲ್ಲೂ ಕನಸಿಗೆ ‘ನನಗೆ’ ಎಂದೇ ಹೇಳುವ ಕ್ರಿಯಾಪದವಿತ್ತು. ಉತ್ತರ ಇಟಲಿಯ ವೆರ್ಚೆಲ್ಲಿ ಎಂಬ ಊರಿನಲ್ಲಿ ಹತ್ತನೆಯ ಶತಮಾನದ ಒಂದು ಇಂಗ್ಲಿಷ್ ಹಸ್ತಪ್ರತಿ ಇದೆ. ಅದರಲ್ಲಿರುವ ಶಿಲುಬೆಯ ಕನಸು ಎಂಬ ಕವಿತೆ, ನಡುರಾತ್ರಿ ‘ಮೇ ಯೆಮ್ಯಾಟ್ಟೆ’, ನನಗೆ ಕನಸಾಯಿತು, ಎಂದು ತೊಡಗಿ, ಎಲ್ಲರೂ ಮಲಗಿದ್ದಾಗ ‘ಥೂಹ್ತೆ ಮೇ’ ಎಂದು ಮುಂದುವರಿಯುತ್ತದೆ: ಒಂದು ಅದ್ಭುತ ಮರವನ್ನು ಕಂಡಂತೆ ನನಗೆ ಅನ್ನಿಸಿತು. ಷೇಕ್ಸ್‌ಪಿಯರನಲ್ಲಿ ಕತ್ತೆಯ ತಲೆ ಕಳಚಿದ ಮೇಲೆ ನಿದ್ದೆಯಿಂದ ಎದ್ದ ನೇಕಾರ ಬಾಟಮ್ ‘ಮಿಥಾಟ್ ನಾನು... ಮಿಥಾಟ್ ನನಗೆ...’ ಎಂದು ತೊದಲುತ್ತಾ, ಕಂಡದ್ದನ್ನು ಹೇಳಲಾಗದೆ ನಿಲ್ಲಿಸಿಬಿಡುತ್ತಾನೆ. ಅದಾದ ಅರ್ಧ ಶತಮಾನದ ಮೇಲೆ ಕವಿ ಮಿಲ್ಟನ್. ಕಣ್ಣು ಪೂರ್ತಿ ಹೋಗಿದೆ, ಹೆಂಡತಿ ತೀರಿಕೊಂಡಿದ್ದಾಳೆ. ಒಂದು ರಾತ್ರಿ ಆಕೆ ಬಿಳಿ ಉಡುಗೆಯಲ್ಲಿ, ಮುಖಕ್ಕೆ ಮುಸುಕು ಹಾಕಿಕೊಂಡು ಬಂದಳೆಂದು ಹದಿನಾಲ್ಕು ಸಾಲು ಬರೆದ. ಮೊದಲ ಪದವೇ ‘ಮಿಥಾಟ್’. ಅಪ್ಪಿಕೊಳ್ಳಲು ಆಕೆ ಬಾಗಿದಾಗ ಎಚ್ಚರವಾಗುತ್ತದೆ, ಆಕೆ ಹೊರಟುಹೋಗುತ್ತಾಳೆ, ಹಗಲು ಅವನಿಗೆ ಅವನ ಕತ್ತಲೆಯನ್ನು ಮರಳಿ ತಂದುಕೊಡುತ್ತದೆ.